ಸುಲಭಾತಾಯಿಗೆ ಹೇಳಿದ ಮುಖಗಳು

ಡೊಂಬಿವಲಿಗೆ ಬಂದ ಮೇಲೆ ನಾನು ನೆಟ್ಟ ದೃಷ್ಟಿಯಿಂದ ನೋಡಿದ ಮೊದಲ ಗಂಡಸು ಸತ್ತು ಮುನ್ನೂರು ವರ್ಷಗಳ ಮೇಲಾಗಿತ್ತು. ಅವನ ಮೂಗಿಗೂ ನನ್ನ ಮೂಗಿಗೂ ನಡುವೆ ಒಂದು ಗೇಣು ಜಾಗವಿರಲಿಲ್ಲ; ಇದ್ದದ್ದು ಒಂದು ಭೂತಗನ್ನಡಿ. ಅದರೊಳಗೆ ಕಂಡ ಕೆನ್ನೆಯಲ್ಲಿ ಚರ್ಮವೇ ಇರಲಿಲ್ಲ. ಬರೀ ಗೆರೆಗಳು. ಬಾಗುತ್ತಾ ಬರುವ ಒಂದು ಗೆರೆ ನೆರಳಿನ ಕಡೆ ದಪ್ಪವಾಗುತ್ತದೆ, ಬೆಳಕಿನ ಕಡೆ ಕೂದಲೆಳೆಯಾಗಿ ಕಾಣದಾಗುತ್ತದೆ. ಅದರ ಮೇಲೆ ಓರೆಯಾಗಿ ಇನ್ನೊಂದು ಸಾಲು ಗೆರೆ. ಎರಡೂ ಸೇರಿ ಮೀನಿನ ಬಲೆ ಹೆಣೆದಂತೆ. ಬಲೆಯ ಒಂದೊಂದು ಕಣ್ಣಿನಲ್ಲೂ ಒಂದೊಂದು ಚುಕ್ಕಿ. ಕನ್ನಡಿ ಸರಿಸಿದರೆ ಬಲೆ ಮಾಯ. ಬೆಳಿಗ್ಗೆಯಷ್ಟೇ ಕ್ಷೌರ ಮಾಡಿಸಿಕೊಂಡ, ಚೆನ್ನಾಗಿ ಉಂಡ ಮನುಷ್ಯನ ತುಂಬುಗೆನ್ನೆ.

“ಸಾಂಗ್,” ಎಂದರು ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ಹೆಂಗಸು. “ಕಾಯ್ ದಿಸ್ತಂಯ್?” ಹೇಳು, ಏನು ಕಾಣಿಸ್ತಿದೆ?

ಆಗ ನನಗೆ ಬರುತ್ತಿದ್ದ ಮರಾಠಿ ಎಂದರೆ ಪಾಣೀ, ಕಿತೀ, ನಕೋ. ನೀರು, ಎಷ್ಟು, ಬೇಡ. ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ತೊದಲಿದೆ: “ಏಕ್ ಆದ್ಮೀ ಹೈ. ಮೋಟಾ ಹೈ.”

“ಜಾಡ್ ಆಹೇ ತೇ ಮಲಾ ಪಣ್ ಕಳ್ತಂ,” ಎಂದು ಅವರು ನಕ್ಕರು. ದಪ್ಪಗಿದ್ದಾನೆ ಅನ್ನೋದು ನನಗೂ ಗೊತ್ತಾಗುತ್ತೆ. ನನಗೆ ಕಾಣದೇ ಇರೋದನ್ನ ಹೇಳು, ಮುಖ ಹೇಳು.

ಇದು ಹೇಗಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಕಟಪಾಡಿ ಬಳಿಯ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದವಳು. ಮಕ್ಕಳು ಕಡಿಮೆಯಾಗುತ್ತಾ ಬಂದು ಕೊನೆಗೆ ಶಾಲೆಯೇ ಮುಚ್ಚಿತು. ಅದೇ ವರ್ಷ ಮಗಳು ಶ್ರಾವ್ಯಾಳಿಗೆ ನವಿ ಮುಂಬಯಿಯ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ನನ್ನ ಗಂಡ ಸದಾನಂದರು ಮದುವೆಗೂ ಮೊದಲಿನಿಂದ ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಶಾಕಾಹಾರಿ ಹೋಟೆಲಿನಲ್ಲಿದ್ದಾರೆ, ಈಗ ಮ್ಯಾನೇಜರ್. ರಜೆಯಲ್ಲಿ ಬಂದು ಹೋಗುವ ಗಂಡನೊಡನೆ ಅಷ್ಟು ವರ್ಷ ಸಂಸಾರ ಮಾಡಿದವಳು, ನಡುವಯಸ್ಸು ದಾಟುವ ಹೊತ್ತಿಗೆ ಮೊದಲ ಸಲ ದಿನವೂ ಒಂದೇ ಸೂರಿನಡಿ ಇರಲು ಗಂಟು ಕಟ್ಟಿಕೊಂಡು ಹೊರಟೆ.

ಸೂರು ಎಂದೆನಲ್ಲ, ಅದಕ್ಕೆ ಇಲ್ಲಿ ‘ವನ್ ಆರ್‌ಕೆ’ ಎನ್ನುತ್ತಾರೆ. ಒಂದು ಕೋಣೆ, ಒಂದು ಅಡುಗೆಮನೆ. ಊರಿನಲ್ಲಿ ನಾವು ಬಟ್ಟೆ ಒಣಗಿಸುವ ಚಾವಡಿ ಇದಕ್ಕಿಂತ ದೊಡ್ಡದು. ಇಲ್ಲಿ ಮಗಳು ಓದುವಾಗ ನಾನು ಅಡುಗೆಮನೆಯಲ್ಲಿರಬೇಕು, ನಾನು ಮಲಗುವಾಗ ಅವಳು ಅಡುಗೆಮನೆಯಲ್ಲಿರಬೇಕು. ನೀರು ಬೆಳಿಗ್ಗೆ ಬಂದು ಹೋಗುತ್ತದೆ. ಹೋದದ್ದನ್ನು ಕೆಳಗಿನ ಮನೆಯ ಹೆಂಗಸು ಮೆಟ್ಟಿಲ ಮೇಲೆ ನಿಂತು ಸಾರುತ್ತಾಳೆ. ಆದರೆ ನನ್ನನ್ನು ಬಾಧಿಸಿದ್ದು ಜಾಗವಲ್ಲ. ಊರಿನಲ್ಲಿ ಗದ್ದೆಯಾಚೆ ಯಾರಾದರೂ ನಡೆದು ಬರುತ್ತಿದ್ದರೆ ಮುಖ ಕಾಣುವ ಮೊದಲೇ ನಡಿಗೆಯಲ್ಲಿ ಇಂಥವರೆಂದು ಗೊತ್ತಾಗುತ್ತದೆ. ಇಲ್ಲಿ ಲೋಕಲ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಇನ್ನೊಬ್ಬಳ ಉಸಿರು ನನ್ನ ಕತ್ತಿಗೆ ತಾಗುತ್ತದೆ, ಆದರೂ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಅಲ್ಲಿ ನಾನು ಟೀಚರ್. ಇಲ್ಲಿ ‘ಹೋಟೆಲ್‌ವಾಲೇ ಕೀ ಮಿಸೆಸ್’. ಹೆಸರು ಹಿಡಿದು ಕರೆಯುವವರಿಲ್ಲದೆ ವಾರಗಟ್ಟಲೆ ಕಳೆದದ್ದುಂಟು.

ಸದಾನಂದರು ಇದನ್ನು ಗಮನಿಸಿದ್ದರು. ಒಂದು ದಿನ ಮಧ್ಯಾಹ್ನ ಊಟಕ್ಕೆ ಬಂದವರು ಕೈ ತೊಳೆಯುತ್ತಾ ಹೇಳಿದರು, “ನಮ್ಮ ಹೋಟ್ಲಿಂದ ಊಟದ ಡಬ್ಬಿ ಹೋಗ್ತದಲ್ಲ, ಟಿಳಕ್ ರಸ್ತೆ ಹಿಂದೆ ಒಬ್ರು ಅಮ್ಮ. ಚಿತ್ರದ ಕಾಲೇಜಿನಲ್ಲಿ ಕಲಿಸ್ತಿದ್ರಂತೆ. ಈಗ ಕಣ್ಣು ಸರಿ ಇಲ್ಲ. ಪೇಪರ್ ಓದಿ ಹೇಳ್ಲಿಕ್ಕೆ ಯಾರಾದ್ರೂ ಉಂಟಾ ಕೇಳಿದ್ರು. ನಾನು ನಿನ್ನ ಹೆಸರು ಹೇಳಿದೆ.”

“ನನಗೆ ಮರಾಠಿ ಎಲ್ಲಿ ಬರ್ತದೆ?”

“ಅಕ್ಷರ ಹಿಂದೀದೇ ಅಲ್ವಾ. ನೀನು ಓದು. ಅರ್ಥ ಅವರು ಮಾಡಿಕೊಳ್ತಾರೆ.”

ಹಾಗೆ ಹೋದೆ. ಹಳೆಯ ನಾಲ್ಕು ಮಹಡಿಯ ಕಟ್ಟಡ, ಎರಡನೆಯ ಮಹಡಿ, ಗೋಡೆಯಲ್ಲಿ ಮಳೆಗಾಲದ ನಕ್ಷೆಗಳು. ಬಾಗಿಲು ತೆಗೆದವರು ಬೆಳ್ಳನೆಯ ಚಿಕ್ಕ ಕೂದಲಿನ, ನೆಟ್ಟನೆ ನಿಲುವಿನ ಹೆಂಗಸು. ಮಾತಾಡುವಾಗ ನನ್ನ ಕಿವಿಯ ಕಡೆ ನೋಡುತ್ತಿದ್ದರು. ಎಂಥ ಗರ್ವ ಅಂದುಕೊಂಡೆ. ಆಮೇಲೆ ತಿಳಿಯಿತು, ಅವರ ಎರಡೂ ಕಣ್ಣುಗಳಲ್ಲಿ ನಡುವಿನ ನೋಟ ಹೋಗಿತ್ತು. ಅಂಚು ಕಾಣುತ್ತದೆ, ನಡು ಕಾಣದು. ಬಾಗಿಲ ಚೌಕಟ್ಟು ಕಾಣುತ್ತದೆ, ಅದರಲ್ಲಿ ನಿಂತವರ ಮುಖ ಕಾಣದು. ನೇರ ನೋಡಿದರೆ ಮುಖದ ಜಾಗದಲ್ಲಿ ಮಂಜು. ಕಿವಿಯ ಕಡೆ ನೋಡಿದರೆ ಮೂಗಿನ ತುದಿಯಾದರೂ ಸಿಕ್ಕೀತು.

“ನನ್ನನ್ನು ಎಲ್ಲರೂ ಸುಲಭಾತಾಯಿ ಅಂತಾರೆ,” ಎಂದರು ಹಿಂದಿಯಲ್ಲಿ. ನನಗೆ ಕಸಿವಿಸಿಯಾಯಿತು. ಮರಾಠಿಯಲ್ಲಿ ‘ತಾಯಿ’ ಎಂದರೆ ಅಕ್ಕ ಎಂದು ಗೊತ್ತಾಗಲು ಸ್ವಲ್ಪ ದಿನ ಬೇಕಾಯಿತು. ಅಷ್ಟರಲ್ಲಿ ನಾನು ಅವರನ್ನು ಕನ್ನಡದ ಅರ್ಥದಲ್ಲೇ ಕರೆದು ರೂಢಿಯಾಗಿತ್ತು. ಅವರು ಅಕ್ಕ ಎಂದು ಕೇಳಿಸಿಕೊಂಡರು, ನಾನು ಅಮ್ಮ ಎಂದು ಕರೆದೆ. ಇಬ್ಬರಿಗೂ ನಷ್ಟವಾಗಲಿಲ್ಲ.

ನನ್ನ ಪೇಪರ್ ಓದು ಅವರಿಗೆ ದೊಡ್ಡ ಮನರಂಜನೆ. ನಾನು ಉಡುಪಿಯ ರಾಗದಲ್ಲಿ ಮರಾಠಿ ಓದುವಾಗ ಮಂತ್ರಿಗಳ ಹೇಳಿಕೆಗಳು ಹರಿಕಥೆಯಂತೆ ಕೇಳಿಸುತ್ತಿದ್ದವಂತೆ. ಒಂದು ದಿನ ಪೇಪರ್ ಮಡಚಿಟ್ಟು, ಒಳಕೋಣೆಯ ಕಬ್ಬಿಣದ ಕಪಾಟಿನಿಂದ ಅಗಲವಾದ ಒಂದು ರಟ್ಟಿನ ಪೆಟ್ಟಿಗೆ ತರಿಸಿದರು. ತೆಳು ಕಾಗದದ ನಡುವೆ ಮಲಗಿದ್ದ ಕಪ್ಪು ಬಿಳುಪಿನ ಚಿತ್ರಗಳು. ಎಲ್ಲವೂ ಯುರೋಪಿನ ಮುಖಗಳು. ಅವರು ಹರೆಯದಲ್ಲಿ ವಿದ್ಯಾರ್ಥಿವೇತನ ಪಡೆದು ಒಂದು ವರ್ಷ ಪ್ಯಾರಿಸ್‌ನಲ್ಲಿದ್ದರಂತೆ. ನದಿಯ ದಂಡೆಯ ಹಳೆ ಪುಸ್ತಕದಂಗಡಿಗಳಲ್ಲಿ ಇವು ರದ್ದಿಯ ಬೆಲೆಗೆ ಸಿಗುತ್ತಿದ್ದವು. ಯಾರೋ ಹಳೆಯ ಪುಸ್ತಕಗಳಿಂದ ಕಿತ್ತ ಹಾಳೆಗಳು. ಊಟ ಬಿಟ್ಟು ಕೊಂಡವು, ಎಂದರು.

ಆ ಪೆಟ್ಟಿಗೆಯಿಂದ ಹೊರಬಂದವನೇ ಮೊದಲು ಹೇಳಿದ ದಪ್ಪ ಗಂಡಸು. ಯಾವುದೋ ನ್ಯಾಯಾಧೀಶ.

ಆ ಚಿತ್ರಗಳನ್ನು ನೋಡುವುದು ಹೇಗೆಂದು ಅವರು ನನಗೆ ಕಲಿಸಿದರು. ಕಾಣದವರು ಕಾಣುವವಳಿಗೆ ಕಲಿಸಿದ್ದು. ಮೊದಲ ಪಾಠ: “ಆಧೀ ಚೌಕಟ್, ಮಗ್ ಮಾಣೂಸ್.” ಮೊದಲು ಚೌಕಟ್ಟು, ಆಮೇಲೆ ಮನುಷ್ಯ. ಆ ಕಾಲದ, ಅವರು ‘ಬರೋಕ್’ ಎನ್ನುವ ಕಾಲದ ಚಿತ್ರಗಾರರು ಮುಖವನ್ನು ಸುಮ್ಮನೆ ಹಾಳೆಯ ಮೇಲೆ ಇಡುತ್ತಿರಲಿಲ್ಲ. ಬರೋಕ್ ಎಂಬ ಪದಕ್ಕೆ ಸೊಟ್ಟ ಮುತ್ತು ಎಂಬ ಅರ್ಥವಿತ್ತಂತೆ. ಸರಿಯಾಗಿ ದುಂಡಗಿಲ್ಲದ, ಉಬ್ಬು ತಗ್ಗುಗಳಿರುವ, ಅದರಿಂದಲೇ ಬೆಳಕು ಹಿಡಿಯುವ ಮುತ್ತು. ಆ ಚಿತ್ರಗಳಲ್ಲಿ ಮೊಟ್ಟೆಯಾಕಾರದ ಒಂದು ಕಲ್ಲಿನ ಕಿಟಕಿ ಇರುತ್ತದೆ. ಕೆಳಗೆ ಪೀಠ. ಪೀಠದ ಮೇಲೆ ಹೆಸರು, ಮನೆತನದ ಲಾಂಛನ. ಮನುಷ್ಯ ಆ ಕಿಟಕಿಯೊಳಗಿಂದ ನೋಡುತ್ತಾನೆ. ಕಲ್ಲು ಕೂಡ ಕಲ್ಲಲ್ಲ, ಗೆರೆಯೇ.

“ಕಲ್ಲು ಯಾಕೆ?” ಎಂದು ಕೇಳಿದೆ.

“ಸಾಯೋ ಮನುಷ್ಯನನ್ನ ಸಾಯದೇ ಇರೋ ಜಾಗದಲ್ಲಿ ಕೂರಿಸೋದಕ್ಕೆ. ಈಗ ನೋಡು, ಅವನ ತೋಳು ಎಲ್ಲಿದೆ?”

ನೋಡಿದೆ. ನ್ಯಾಯಾಧೀಶನ ನಿಲುವಂಗಿಯ ಒಂದು ಮಡಿಕೆ ಕಲ್ಲಿನ ಅಂಚನ್ನು ದಾಟಿ ಈಚೆಗೆ ಇಳಿದಿತ್ತು. ಹೇಳಿದೆ.

“ಹಾಂ! ಅದೇ ಅರ್ಥ. ಕಲ್ಲಿನಲ್ಲಿ ಕೂರಿಸಿದ್ರೂ ಬಟ್ಟೆ ಈ ಕಡೆ ಬರುತ್ತೆ. ನಮ್ಮ ಕಡೆ.”

ಕೆಳಗಿನ ಎಡಮೂಲೆಯಲ್ಲಿ ಬಣ್ಣದಲ್ಲಿ ಬರೆದವನ ಹೆಸರು ಇರುತ್ತದೆ. ಬಲಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ತಾಮ್ರದ ತಗಡಿನ ಮೇಲೆ ಉಳಿಯಿಂದ ಕೊರೆದವನ ಹೆಸರು. ಸುಲಭಾತಾಯಿ ಬಲಮೂಲೆಯವರನ್ನು ‘ಮಾಝೀ ಮಾಣಸಂ’ ಎನ್ನುತ್ತಿದ್ದರು, ನನ್ನ ಜನ. ಅವರೂ ಜೀವನವಿಡೀ ತಾಮ್ರ ಕೊರೆದವರು. ಕೊರೆಯುವವನು ಎಲ್ಲವನ್ನೂ ಎಡಬಲ ತಿರುಗಿಸಿ ಕೊರೆಯಬೇಕು, ತಪ್ಪಿದರೆ ಅಳಿಸುವಂತಿಲ್ಲ. ಕೊರೆದ ಗೆರೆಯಲ್ಲಿ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಒತ್ತಬೇಕು. ಬೆಳಕು ಎಂದರೆ ಬರೆದದ್ದಲ್ಲ, ಬರೆಯದೆ ಬಿಟ್ಟ ಕಾಗದ. ನ್ಯಾಯಾಧೀಶನ ಕೊರಳಿನ ಕಸೂತಿಯನ್ನು ನಾನು ಬಹಳ ಹೊತ್ತು ನೋಡಿ ಕಂಡುಕೊಂಡೆ: ಅಲ್ಲಿ ದಾರವನ್ನು ಯಾರೂ ಬಿಡಿಸಿರಲಿಲ್ಲ. ದಾರಗಳ ನಡುವಿನ ತೂತುಗಳನ್ನು ಮಾತ್ರ ಕಪ್ಪಾಗಿಸಿದ್ದರು. ಇದನ್ನು ಹೇಳಿದಾಗ ಸುಲಭಾತಾಯಿ ತೊಡೆ ತಟ್ಟಿದರು. ಆ ದಿನ ಮನೆಗೆ ಹೋಗುವಾಗ, ಊರು ಬಿಟ್ಟ ಮೇಲೆ ಮೊದಲ ಬಾರಿಗೆ, ನಾನು ಏನೋ ಬಲ್ಲವಳು ಎನ್ನಿಸಿತು.

ಅವರ ಕಟ್ಟುನಿಟ್ಟೂ ಅಷ್ಟೇ ಇತ್ತು. “ಒಳ್ಳೆಯವನ ಹಾಗೆ ಕಾಣ್ತಾನೆ,” ಎಂದರೆ ಕೈ ಎತ್ತಿ ತಡೆಯುತ್ತಿದ್ದರು. “ಒಳ್ಳೆಯವನೋ ಕೆಟ್ಟವನೋ ನಾನು ನಿಶ್ಚಯ ಮಾಡ್ತೀನಿ. ನೀನು ತುಟಿ ಹೇಳು. ಮೂಲೆ ಮೇಲಕ್ಕಾ, ಕೆಳಕ್ಕಾ? ಘಾಯೀ ನಕೋ.” ಅವಸರ ಬೇಡ. ಹೀಗೆ ನಾನು ಮುಖಗಳನ್ನು ಹೇಳುತ್ತಾ ಹೋದೆ: ಬಿಷಪ್, ವೈದ್ಯ, ತನ್ನ ಗುಂಗುರು ಕೂದಲಿನ ಟೋಪನ್ನೇ ಹೊತ್ತು ದಣಿದಂತಿದ್ದ ಒಬ್ಬ ಮಂತ್ರಿ. ಹೇಳಲು ಪದವಿಲ್ಲದಲ್ಲಿ ಅವರು ಪದ ಕೊಟ್ಟರು. ಆದ್ದರಿಂದ ನನ್ನ ಮರಾಠಿ ಬೇರೆಯವರ ಮರಾಠಿಯಂತೆ ಅಂಗಡಿಯಿಂದ ಶುರುವಾಗಲಿಲ್ಲ, ಮುಖದಿಂದ ಶುರುವಾಯಿತು. ಪಾಪಣೀ, ರೆಪ್ಪೆ. ಹನುವಟೀ, ಗಲ್ಲ. ಸಾವಲೀ, ನೆರಳು. ಸುರಕುತೀ, ಸುಕ್ಕು. ಸೋರೆಕಾಯಿಗೆ ಏನನ್ನುತ್ತಾರೆಂದು ಗೊತ್ತಿಲ್ಲದಾಗಲೇ ನನಗೆ ಕಣ್ಣಿನಡಿಯ ಚೀಲಕ್ಕೆ ಏನನ್ನುತ್ತಾರೆಂದು ಗೊತ್ತಿತ್ತು.

ಒಮ್ಮೆ ಸಂಜೆ ಸ್ಟೇಷನ್ ಹೊರಗಿನ ಮಾರುಕಟ್ಟೆಯಲ್ಲಿ ತರಕಾರಿಯವಳು ಬಾಡಿದ ಬದನೆಕಾಯಿಗಳನ್ನೇ ಚೀಲಕ್ಕೆ ಹಾಕುತ್ತಿದ್ದಳು. ನಾನು ಗಂಭೀರವಾಗಿ ಹೇಳಿದೆ, “ಸುರಕುತ್ಯಾ ನಕೋತ್.” ಸುಕ್ಕುಗಳು ಬೇಡ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು, ಮತ್ತೆ ತನ್ನ ಕೆನ್ನೆ ಮುಟ್ಟಿಕೊಂಡು ನಗತೊಡಗಿದಳು. ಪಕ್ಕದವಳಿಗೂ ಹೇಳಿದಳು. ಬದನೆ ಬದಲಾಯಿತು. ಅಂದಿನಿಂದ ಅವಳು ನನ್ನನ್ನು ದೂರದಿಂದಲೇ ಗುರುತಿಸುತ್ತಾಳೆ. ಮನೆಗೆ ಬಂದು ಹೇಳಿದಾಗ ಶ್ರಾವ್ಯಾ, ಊರಿನಿಂದ ಬಂದು ವರ್ಷವಾಗುವುದರೊಳಗೆ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡಲು ಕಲಿತವಳು, “ಅಮ್ಮಾ, ತುಮ್ ತೋ ಪೂರೀ ಮರಾಠಿ ಹೋ ಗಯೀ!” ಎಂದಳು. ನೀನಂತೂ ಪೂರ್ತಿ ಮರಾಠಿಯವಳಾಗಿಬಿಟ್ಟೆ. ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಸದಾನಂದರು ಮಾತ್ರ ಹೋಟೆಲಿನಿಂದ ಬಂದೊಡನೆ ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು, “ಇನಿ ಏರ್ನ ಮೋಣೆ?” ಇವತ್ತು ಯಾರ ಮುಖ?

ಆ ಪೆಟ್ಟಿಗೆಯಲ್ಲಿ ಒಬ್ಬಳು ಮುದುಕಿ ಇದ್ದಳು. ಸುಲಭಾತಾಯಿ ಅವಳನ್ನು ಯಾವಾಗಲೂ ಕೊನೆಗೆ ಉಳಿಸಿಕೊಳ್ಳುತ್ತಿದ್ದರು. ಅವಳಿಗೆ ಹೆಸರಿರಲಿಲ್ಲ. ಯಾರೋ ಪುಸ್ತಕಕ್ಕೆ ಹೊಂದಿಸಲು ಹಾಳೆಯ ಕೆಳಭಾಗವನ್ನು ಕತ್ತರಿಸಿ, ರಟ್ಟಿಗೆ ಹಿಟ್ಟಿನ ಅಂಟಿನಿಂದ ಅಂಟಿಸಿದ್ದರು. ಹೆಸರು, ಮನೆತನ, ಕೊರೆದವನ ಸಹಿ, ಎಲ್ಲ ಕತ್ತರಿಗೆ ಹೋಗಿತ್ತು. ಉಳಿದದ್ದು ಸಾದಾ ಮೊಟ್ಟೆಯಾಕಾರದ ಕಿಟಕಿ, ಕಪ್ಪು ಮುಸುಕು, ಬಿಳಿಯ ಕೊರಳಪಟ್ಟಿ, ಮುಖ. ಮುಸುಕಿನ ಕಪ್ಪಿಗೆ ಗೆರೆಗಳು ಒತ್ತೊತ್ತಾಗಿ ಹೆಣೆದುಕೊಂಡಿದ್ದವು. ಮುಖಕ್ಕೆ ಬಂದೊಡನೆ ಗೆರೆಗಳು ಮೆಲ್ಲಗಾಗುತ್ತಿದ್ದವು. ಜೋತುಬಿದ್ದ ಕೆನ್ನೆಯಲ್ಲಿ ಗೆರೆಗಳೂ ಅದರೊಡನೆ ಕೆಳಗಿಳಿಯುತ್ತಿದ್ದವು. ಎಡಗಣ್ಣಿನ ಕೆಳರೆಪ್ಪೆಯಲ್ಲಿ ಸಾಸಿವೆಯ ಕಾಲುಭಾಗದಷ್ಟು ಕಾಗದವನ್ನು ಕೊರೆದವನು ಖಾಲಿ ಬಿಟ್ಟಿದ್ದ. ದೂರದಿಂದ ಅದು ನೀರು.

“ಮಂತ್ರಿಗೆ ಎಷ್ಟು ಗೆರೆ ಖರ್ಚು ಮಾಡಿದ್ರೋ ಇವಳಿಗೂ ಅಷ್ಟೇ,” ಎನ್ನುತ್ತಿದ್ದರು ಸುಲಭಾತಾಯಿ. “ಕಲಿಯೋವಾಗ ಇವಳನ್ನ ನೋಡಿ ನಾನು ತಾಮ್ರದ ಮೇಲೆ ಕೊರೆದೆ. ಬಟ್ಟೆ ಬಂತು. ಮುಖ ಬರಲಿಲ್ಲ. ಕಿತೀ ವೇಳಾ! ಎಷ್ಟು ಸಲ! ಬರಲೇ ಇಲ್ಲ.” ಮತ್ತೆ, “ಪರತ್ ಸಾಂಗ್,” ಇನ್ನೊಮ್ಮೆ ಹೇಳು ಎನ್ನುತ್ತಿದ್ದರು. ಅವಳನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಅವರ ಅಣ್ಣನ ಮಗ ನಿಖಿಲ್ ಚಿತ್ರಗಳ ಫೋಟೋ ತೆಗೆದು ಟ್ಯಾಬ್ಲೆಟ್‌ನಲ್ಲಿ ದೊಡ್ಡದಾಗಿಸಿ ಕೊಟ್ಟಿದ್ದ, ಮಂತ್ರಿಯದು, ಬಿಷಪ್‌ದು. ಮುದುಕಿಯ ಫೋಟೋ ತೆಗೆಯಲು ಅವರು ಬಿಟ್ಟಿರಲಿಲ್ಲ. ಗಾಜು ಉಜ್ಜಿದರೆ ಕಾಗದದ ಮೇಲೆ ಉಬ್ಬಿದ ಶಾಯಿ ಸಿಗುತ್ತದೆಯೇ ಎಂದು ಟ್ಯಾಬ್ಲೆಟ್ಟನ್ನು ಬೀರುವಿನ ಮೇಲಿಟ್ಟಿದ್ದರು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟಡದ ಸೊಸೈಟಿಯವರು ‘ರೀಡೆವಲಪ್‌ಮೆಂಟ್’ಗೆ ಸಹಿ ಹಾಕಿದರು. ಡೊಂಬಿವಲಿಯಲ್ಲಿ ಈಗ ಗಲ್ಲಿಗೊಂದು ಕಟ್ಟಡ ಹೀಗೆ ನೆಲಸಮವಾಗುತ್ತಿದೆ. ಹಳೆಯದನ್ನು ಕೆಡವಿ ಮೇಲೆ ಮೇಲೆ ಕಟ್ಟುತ್ತಾರೆ, ಅಲ್ಲಿಯವರೆಗೆ ಇದ್ದವರು ಬೇರೆಡೆ ಇರಬೇಕು. ನವಿ ಮುಂಬಯಿಯ ಖಾರ್ಘರ್‌ನಲ್ಲಿರುವ ನಿಖಿಲ್ ತನ್ನ ಮನೆಗೇ ಬಾ ಎಂದ. ಒಳ್ಳೆಯ ಹುಡುಗ. ಅವನ ಹೆಂಡತಿಯೂ ಬಂದು ಕೈಹಿಡಿದು ಕರೆದಳು. ಸುಲಭಾತಾಯಿ ಒಪ್ಪಿದರು. ಆದರೆ ಅವರು ಹುಟ್ಟಿದ್ದು ಡೊಂಬಿವಲಿ, ಓದಿ ಬಂದದ್ದು ಡೊಂಬಿವಲಿಗೆ. ಕಾಣದ ಕಣ್ಣಿನಲ್ಲೂ ಮೆಟ್ಟಿಲು, ಓಣಿ, ಹಾಲಿನಂಗಡಿ ಎಲ್ಲ ಕಾಲಿಗೆ ಗೊತ್ತಿದ್ದ ಊರು.

“ನೀನು ಊರು ಬಿಟ್ಟು ಬಂದಾಗ ಅತ್ತೆಯಾ?” ಎಂದು ಒಂದು ದಿನ ಇದ್ದಕ್ಕಿದ್ದಂತೆ ಕೇಳಿದರು.

“ಬಸ್ಸಿನಲ್ಲಿ ಅಳಲಿಲ್ಲ. ಇಲ್ಲಿ ಬಂದು ಅಕ್ಕಿ ತೊಳೆಯುವಾಗ ಅತ್ತೆ,” ಎಂದೆ.

“ಅಕ್ಕಿ ಯಾಕೆ?”

“ಬಿಳಿ ಅಕ್ಕಿ. ನಮ್ಮದು ಕೆಂಪು, ಕುಚ್ಚಲಕ್ಕಿ. ಅದು ಇಲ್ಲೂ ಸಿಗ್ತದೆ ಅಂತ ಆಗ ಗೊತ್ತಿರಲಿಲ್ಲ.”

ಅವರು ತಲೆಯಾಡಿಸಿದರು. ಖಾರ್ಘರ್‌ನಲ್ಲಿ ಯಾವಾಗ, ಯಾವುದನ್ನು ಮುಟ್ಟಿ ತನಗೆ ಅಳು ಬರಬಹುದೆಂದು ಯೋಚಿಸುತ್ತಿದ್ದಂತಿತ್ತು.

ಸಾಮಾನು ಕಟ್ಟುವ ದಿನ ಬಂತು. ಚಿತ್ರಗಳನ್ನು ತಾವು ಕಲಿಸಿದ ಕಾಲೇಜಿಗೆ ಕೊಡುವುದೆಂದು ಅವರು ನಿರ್ಧರಿಸಿದ್ದರು, ಹುಡುಗರು ಮುಟ್ಟಿ ಕಲಿಯಲಿ ಎಂದು. ಕೊಡುವ ಮೊದಲು ಪ್ರತಿಯೊಂದನ್ನೂ ಕೊನೆಯ ಸಲ ಹೇಳಬೇಕು. ನಾನು ಕಪಾಟು ತೆಗೆದೆ. ಹಿಂಬದಿಯ ಗೋಡೆ ಒದ್ದೆಯಾಗಿತ್ತು. ಪೆಟ್ಟಿಗೆಯ ತಳದಲ್ಲಿ ಶೀತದ ಕಲೆ. ಅವಸರದಲ್ಲಿ ಮುಚ್ಚಳ ತೆಗೆದೆ. ನ್ಯಾಯಾಧೀಶ ಸುಖವಾಗಿದ್ದ, ಬಿಷಪ್ ಇದ್ದ, ಮಂತ್ರಿಯ ಟೋಪು ಇತ್ತು. ಒಬ್ಬೊಬ್ಬರನ್ನೇ ಹೇಳಿ ಕಳಿಸಿದೆವು. ಸುಲಭಾತಾಯಿ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳಿದರು.

“ಆತಾ ತೀ,” ಎಂದರು. ಈಗ ಅವಳು.

ತಳದಲ್ಲಿದ್ದ ಮುದುಕಿಯನ್ನು ಎತ್ತಿ ತೆಳು ಕಾಗದ ಸರಿಸಿದೆ. ಮುಸುಕಿತ್ತು. ಕಿಟಕಿ ಇತ್ತು. ಕೊರಳಪಟ್ಟಿ ಇತ್ತು. ಮುಖದ ನಡುವೆ, ಎಡಗಣ್ಣಿನಿಂದ ತುಟಿಯ ಮೂಲೆಯವರೆಗೆ, ಏನೂ ಇರಲಿಲ್ಲ. ಬೆಳ್ಳಿಹುಳ ತಿಂದಿತ್ತು. ಹಿಟ್ಟಿನ ಅಂಟಿನ ರುಚಿಗೆ ಬಂದ ಹುಳ ಅಂಟಿದ್ದಲ್ಲೆಲ್ಲ ಕಾಗದ ಕೆರೆದು, ಕೆಳಗಿನ ಕಂದು ರಟ್ಟು ಮಾತ್ರ ಬಿಟ್ಟಿತ್ತು.

“ಸಾಂಗ್,” ಎಂದರು.

ನಾನು ಶುರು ಮಾಡಿದೆ. ಮೊದಲು ಚೌಕಟ್ಟು. ಆಮೇಲೆ ಮುಸುಕು, ಮುಸುಕಿನ ಅಂಚಿನಲ್ಲಿ ಒಂದೆಳೆ ಬೆಳಕು. ಹಣೆ. ಅಲ್ಲಿಯವರೆಗೆ ನೋಡಿ ಹೇಳಿದ್ದು. ಅದರಾಚೆ ನಾನು ಕಾಗದ ಬಿಟ್ಟು ನೆನಪನ್ನು ಓದಿದೆ. ಕೆನ್ನೆಯ ಗೆರೆಗಳು ಇಳಿಯುವುದನ್ನು ಹೇಳಿದೆ, ರೆಪ್ಪೆಯ ನೀರನ್ನು ಹೇಳಿದೆ. ನನ್ನ ದನಿ ಸರಿಯಾಗಿಯೇ ಇತ್ತು. ಅವರ ಮುಖದಲ್ಲಿ ಮಗು ಕಥೆ ಕೇಳುವಾಗಿನ ನೆಮ್ಮದಿ ಇತ್ತು. ಹೀಗೇ ಮುಗಿಸಿಬಿಡುತ್ತೇನೆ, ಯಾರಿಗೆ ನಷ್ಟ ಎಂದುಕೊಂಡೆ.

ಆಗ ಅವರು ಕೇಳಿದರು, “ವಿನಯಾ, ಎಡಗಣ್ಣಿನ ಕೆಳಗೆ ಒಂದು ಆಳದ ಸುರಕುತೀ ಇದೆ ಅಲ್ವಾ. ಅದು ಒಂದೇ ಗೆರೆಯಾ, ಎರಡು ಗೆರೆ ಸೇರಿ ಒಂದಾಗಿದ್ದಾ? ನಾನು ಕೊರೆದಾಗ ತಪ್ಪಿದ್ದು ಅಲ್ಲೇ ಅಂತ ಈಗ ಅನ್ನಿಸ್ತಿದೆ.”

ಅಷ್ಟು ತಿಂಗಳಲ್ಲಿ ಈ ಪ್ರಶ್ನೆ ಅವರು ಕೇಳಿರಲಿಲ್ಲ. ನಾನು ನೋಡಿರಲಿಲ್ಲ. ಒಂದು ಎನ್ನಬಹುದಿತ್ತು, ಎರಡು ಎನ್ನಬಹುದಿತ್ತು. ಆದರೆ ಜೀವನವಿಡೀ ಕೈಗೆ ಸಿಗದ ಒಂದು ಗೆರೆಯ ಬಗ್ಗೆ ಕೇಳುತ್ತಿರುವವರಿಗೆ ನನ್ನ ಊಹೆಯನ್ನು ಕೊಡುವುದಾಗಲಿಲ್ಲ. ಚಿತ್ರವನ್ನು ಮಡಿಲಿಗಿಳಿಸಿದೆ.

“ಕಾಯ್ ಝಾಲಂ?” ಏನಾಯ್ತು?

“ಗೊತ್ತಿಲ್ಲ ತಾಯಿ. ಆ ಜಾಗ ಇಲ್ಲ. ಹುಳ ತಿಂದಿದೆ.”

“ಕಸರ್ ಲಾಗ್ಲೀ?” ಬೆಳ್ಳಿಹುಳ ಹಿಡಿಯಿತಾ? ಅವರು ಕುರ್ಚಿಯ ತೋಳು ಹಿಡಿದುಕೊಂಡರು. “ಕಿತೀ ಗೇಲಂ?” ಎಷ್ಟು ಹೋಗಿದೆ?

“ನಡುವಿನದು. ಅಂಚೆಲ್ಲ ಇದೆ.”

ಹೊರಗೆ ಯಾರೋ ಹಳೆ ಕಪಾಟು ಕೊಳ್ಳುವವನು ಕೂಗುತ್ತಾ ಹೋದ. ಅವರು ಬೈಯಲಿ ಎಂದು ಕಾದೆ. ಅವರು ಕೈ ಚಾಚಿದರು. ನಾನು ಅವರ ಬೆರಳನ್ನು ಹಿಡಿದು ತೂತಿನ ಅಂಚಿಗೆ ಒಯ್ದೆ. ಉಗುರಿನ ತುದಿಯಿಂದ ಅವರು ಸುತ್ತಲೂ ಮೆಲ್ಲಗೆ ಸವರಿದರು. ಆಮೇಲೆ ಹೇಳಿದರು, “ಆತಾ ತುಲಾ ಮಾಝ್ಯಾಸಾರ್ಖಂ ದಿಸ್ಲಂ.” ಈಗ ನಿನಗೆ ನನ್ನ ಹಾಗೆ ಕಂಡಿತು.

ನಾನು ಅತ್ತೆ. ಅವರು ಅಳಲಿಲ್ಲ.

“ಇಲ್ಲದೇ ಇರೋ ಭಾಗವನ್ನ ಹೇಳ್ತಿದ್ದೆಯಲ್ಲ,” ಎಂದರು ಸ್ವಲ್ಪ ಹೊತ್ತಾದ ಮೇಲೆ, “ಅದನ್ನ ಮೊದಲಿಂದ ಹೇಳು. ಇಲ್ಲ ಅಂತ ಗೊತ್ತಿದ್ದೇ ಕೇಳ್ತೀನಿ. ಮರಾಠಿ ಬೇಡ. ಮರಾಠಿಯಲ್ಲಿ ನೀನು ಪದ ಹುಡುಕ್ತೀಯ. ತುಝ್ಯಾ ಭಾಷೇತ್ ಸಾಂಗ್.”

ನನ್ನ ಭಾಷೆಯಲ್ಲಿ. ಕನ್ನಡ ಕಲಿಸಿ ಬದುಕಿದವಳು, ಬಾಯಿ ತೆರೆದಾಗ ಬಂದದ್ದು ಮಾತ್ರ ತುಳು, ಊರಿನಲ್ಲಿ ಒಡಹುಟ್ಟಿದ ಅಕ್ಕನೊಡನೆ ಆಡುವ ಮಾತು. “ಕಣ್ಣ್‌ದ ಕೊಡಿಟ್ ಒಂತೆ ನೀರ್,” ಎಂದೆ. ಕಣ್ಣಿನ ತುದಿಯಲ್ಲಿ ಒಂಚೂರು ನೀರು. ಕೆನ್ನೆ ಹೇಳಿದೆ. ತುಟಿಯ ಮೂಲೆ ಹೇಳಿದೆ. ಗೊತ್ತಿಲ್ಲದ ಆ ಸುಕ್ಕಿನ ಬಳಿ ಬಂದಾಗ ಗೊತ್ತಿಲ್ಲ ಎಂದೆ. ಅವರಿಗೆ ಒಂದು ಪದವೂ ತಿಳಿಯದು. ತಲೆ ಸ್ವಲ್ಪ ಓರೆ ಮಾಡಿ, ನನ್ನ ದನಿ ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತಿದ್ದರು. ಮುಗಿದಾಗ, “ಚಾಂಗಲೀ ಆಹೇ,” ಎಂದರು. ಚೆನ್ನಾಗಿದ್ದಾಳೆ.

ಭಾನುವಾರ ನಿಖಿಲ್ ಟೆಂಪೋ ತಂದ. ಹುಳ ತಿಂದ ಚಿತ್ರ ನೋಡಿ ಅವನಿಗೂ ಬೇಸರವಾಯಿತು. ಮುಂಬಯಿಯಲ್ಲಿ ಇಂಥದ್ದನ್ನು ದುರಸ್ತಿ ಮಾಡುವವರಿದ್ದಾರೆ, ಕಾಗದ ಸೇರಿಸಿ ಗೆರೆ ತುಂಬಿಸುತ್ತಾರೆ ಎಂದ. “ಹುಳ ಬರದ ಹಾಗೆ ಮಾಡಿಸು, ಸಾಕು,” ಎಂದರು ಸುಲಭಾತಾಯಿ. “ಗೆರೆ ತುಂಬಿಸಿದ್ರೆ ಅದು ಬೇರೆ ಯಾರದೋ ಮುಖ ಆಗುತ್ತೆ.” ಉಳಿದವರೆಲ್ಲ ಕಾಲೇಜಿಗೆ ಹೋದರು. ಮುದುಕಿ ಅವರೊಡನೆ ಟೆಂಪೋದ ಮುಂದಿನ ಸೀಟಿನಲ್ಲಿ, ಅವರ ಮಡಿಲಲ್ಲಿ ಕುಳಿತು ಖಾರ್ಘರ್‌ಗೆ ಹೋದಳು.

ಈಗ ನಾನು ಗುರುವಾರಗಳಲ್ಲಿ ಅಲ್ಲಿಗೆ ಹೋಗುತ್ತೇನೆ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಮೆಟ್ಟಿಲು ಹತ್ತಿಳಿದು ಪನ್ವೇಲ್ ಗಾಡಿ. ಗಾಡಿ ಗುಡ್ಡದ ಸುರಂಗ ದಾಟಿ ನವಿ ಮುಂಬಯಿಗೆ ಹೊರಳಿದೊಡನೆ ನಿಲ್ದಾಣಗಳು ಹಬ್ಬಕ್ಕೆ ಚಪ್ಪರ ಕಟ್ಟಿದಷ್ಟು ದೊಡ್ಡದಾಗುತ್ತವೆ, ಜನ ಕಡಿಮೆಯಾಗುತ್ತಾರೆ. ಈ ನಡುವೆ ನಾನು ಡಬ್ಬಿಯಲ್ಲಿ ಮುಖ ನೋಡುವವಳಾಗಿದ್ದೇನೆ. ಎದುರಿನ ನರ್ಸ್ ಹುಡುಗಿಯ ಹುಬ್ಬು, ಮಹಾಪೆಯ ಕಂಪನಿಗೆ ಹೋಗುವವಳ ನಿದ್ದೆಗಣ್ಣು, ಮೀನಿನ ಬುಟ್ಟಿಯವಳ ದವಡೆ. ಯಾರಾದರೂ ತಿರುಗಿ ನೋಡಿದರೆ ಮೊದಲಿನಂತೆ ದೃಷ್ಟಿ ತಪ್ಪಿಸುವುದಿಲ್ಲ. ಕೆಲವರು ನಗುತ್ತಾರೆ.

ಸುಲಭಾತಾಯಿಗೆ ಖಾರ್ಘರ್ ಒಗ್ಗಿಲ್ಲ, ಒಗ್ಗಿಲ್ಲ ಎಂದು ಅವರು ಹೇಳುವುದೂ ಇಲ್ಲ. ಸೊಸೆ ಆಮ್ಟಿಗೆ ಬೆಲ್ಲ ಕಡಿಮೆ ಹಾಕುತ್ತಾಳೆ ಎಂದಷ್ಟೇ ನನ್ನ ಕಿವಿಯಲ್ಲಿ ದೂರುತ್ತಾರೆ. ಆಮ್ಟಿ ಎಂದರೆ ಅವರ ಹುಳಿಸಿಹಿ ಬೇಳೆಸಾರು. ಲಿಫ್ಟಿನ ಗುಂಡಿಗಳು ಕೈಗೆ ಗೊತ್ತಾಗಲು ಸಮಯ ಹಿಡಿಯಿತು. ಮೊನ್ನೆ ಬಾಲ್ಕನಿಯಲ್ಲಿ ಕೂತಿದ್ದೆವು. “ಇಲ್ಲಿ ಎದುರಿಗೆ ಏನಿದೆ?” ಎಂದು ಕೇಳಿದರು. ನಾನು ಹೇಳಿದೆ: ದೂರದಲ್ಲಿ ಗುಡ್ಡ, ಗುಡ್ಡದ ಕೆಳಗೆ ಎತ್ತರದ ಕಟ್ಟಡಗಳು, ನಡುವೆ ಅಗಲ ರಸ್ತೆ, ರಸ್ತೆಯಲ್ಲಿ ಜನವೇ ಇಲ್ಲ. “ಆಮಚ್ಯಾ ಡೊಂಬಿವಲೀಸಾರ್ಖಂ ನಾಹೀ,” ಎಂದೆ. ನಮ್ಮ ಡೊಂಬಿವಲಿಯ ಹಾಗಿಲ್ಲ.

“ಆಮಚ್ಯಾ?” ಎಂದು ಅವರು ನನ್ನ ಕಿವಿಯ ಕಡೆ ತಿರುಗಿದರು. ನಕ್ಕರೇನೋ. ನಾನು ಮಾತು ಬದಲಿಸಿದೆ.

ಆ ಸಂಜೆ ಠಾಣೆಯಲ್ಲಿ ಗಾಡಿ ಬದಲಿಸಲು ನಿಂತಿದ್ದಾಗ ಕಟಪಾಡಿಯಿಂದ ಪ್ರೇಮಕ್ಕನ ಫೋನ್ ಬಂತು. ನನಗಿಂತ ದೊಡ್ಡವಳು, ನಾನು ಊರು ಬಿಟ್ಟದ್ದನ್ನು ಇನ್ನೂ ಪೂರ್ತಿ ಒಪ್ಪದವಳು. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಅವಳು ಕೂಗಿದಳು, “ಓಲುಲ್ಲ?” ಎಲ್ಲಿದ್ದೀ?

“ಇಲ್ಲಡೆ ಪೋವೊಂದುಲ್ಲೆ,” ಎಂದೆ. ಮನೆಗೆ ಹೋಗುತ್ತಿದ್ದೇನೆ.

ಅಕ್ಕನ ಬಳಿ ಮನೆ ಎಂದರೆ ನಾವು ಯಾವಾಗಲೂ ‘ಬರುವ’ ಮನೆ. ‘ಹೋಗುವ’ ಮನೆ ಎಂದು ನನ್ನ ಬಾಯಲ್ಲಿ ಅವಳು ಮೊದಲ ಸಲ ಕೇಳಿದ್ದು.

“ಅಲ್ತ ಇಲ್ಲಡೆನಾ?” ಎಂದಳು, ದನಿ ತಗ್ಗಿಸಿ. ಅಲ್ಲಿಯ ಮನೆಗಾ?

ಹೌದೆಂದೆ. ಅಷ್ಟಮಿಗೆ ಮನೆಗೆ ಬರುತ್ತೇನೆಂದೂ ಹೇಳಿದೆ. ಎರಡೂ ಸುಳ್ಳಾಗಿರಲಿಲ್ಲ. ಅಷ್ಟರಲ್ಲಿ ಕಲ್ಯಾಣ್ ಕಡೆಯ ಗಾಡಿ ಬಂತು. ಹೆಂಗಸರ ಡಬ್ಬಿಯಲ್ಲಿ ಯಾರೋ ಒಬ್ಬಳು ಸರಿದು ನನಗೆ ನಿಲ್ಲಲು ಜಾಗ ಬಿಟ್ಟಳು.